ನೇತ್ರಾಣಿಯ ಅನುಭವ ಸಾಲದು: ತಣ್ಣನೆಯ ಬೆಟ್ಟದ ಸರೋವರದಲ್ಲಿ ಹೊಸ ಜೊತೆಗಾರರೊಂದಿಗೆ ಸ್ಕೂಬಾ ಡೈವ್, ಹಂತ ಹಂತವಾಗಿ

ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಓದಿಗೋ ಕೆಲಸಕ್ಕೋ ಮ್ಯೂನಿಕ್, ಜ್ಯೂರಿಕ್ ಕಡೆ ಹೋದವರು ಅಲ್ಲಿನ ಬೆಟ್ಟದ ಸರೋವರಗಳಲ್ಲಿ ಡೈವ್ ಮಾಡಲು ಹೋಗಿ ಹೆಚ್ಚುಕಮ್ಮಿ ಒಂದೇ ರೀತಿ ಸೋಲುತ್ತಾರೆ. ಕಲಿತದ್ದು ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲೋ ಗೋವಾದಲ್ಲೋ, 28 ಡಿಗ್ರಿ ನೀರಿನಲ್ಲಿ. ‘ನೇತ್ರಾಣಿಯಾಗ ಮಾಡೀನಿ, ಆಗ್ತೈತಿ ಬಿಡ್ರಿ’ ಎಂಬ ಧೈರ್ಯದಲ್ಲಿ ಇಳಿಯುತ್ತಾರೆ. ಹತ್ತು ಹನ್ನೆರಡು ಮೀಟರ್ ದಾಟುತ್ತಲೇ ನೀರು ಒಮ್ಮೆಲೇ 7 ಡಿಗ್ರಿಗೆ ಬೀಳುತ್ತದೆ, ಏದುಸಿರು ಶುರುವಾಗುತ್ತದೆ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಒಳಗೆ ಮಂಜು ಕಟ್ಟಿ ಗಾಳಿ ಭುಸುಗುಡುತ್ತ ಹೊರಗೆ ಸುರಿಯುತ್ತದೆ. ಪಕ್ಕದಲ್ಲಿರುವವನ ಪರಿಚಯವಾದದ್ದು ಅವತ್ತು ಬೆಳಿಗ್ಗೆ. ಅವನ ಆಕ್ಟೋಪಸ್ (ಆಪತ್ತಿಗೆಂದು ಇಟ್ಟ ಎರಡನೇ ಉಸಿರಾಟದ ತುದಿ) ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಿಲ್ಲ.

ಇದರಲ್ಲಿ ಮುಕ್ಕಾಲು ಪಾಲು ದಡದಲ್ಲೇ ಕೆಟ್ಟಿರುತ್ತದೆ. ಹಾಗಾಗಿ ಇಲ್ಲಿ ನೀರಿನೊಳಗಿನ ವಿಷಯಕ್ಕಿಂತ ನೀರಿಗಿಳಿಯುವ ಮುಂಚಿನ ವಿಷಯವೇ ಹೆಚ್ಚು. ಹಂತಗಳ ಕ್ರಮ ಬದಲಿಸಬೇಡಿ. ಗಾಳಿಯ ಲೆಕ್ಕ ಮಾಡದೆ ಆಳ ನಿರ್ಧರಿಸಲು ಬರುವುದಿಲ್ಲ, ಜೊತೆಗಾರನ ಸಿಲಿಂಡರ್ ನೋಡದೆ ಗಾಳಿಯ ಲೆಕ್ಕ ಬರುವುದಿಲ್ಲ.

ಇದು ಓಪನ್ ವಾಟರ್ ಸರ್ಟಿಫಿಕೇಟ್ (ಡೈವಿಂಗಿನ ಮೊದಲ ಹಂತದ ತರಬೇತಿ ಪತ್ರ) ಇದ್ದು, ಕನಿಷ್ಠ ಹದಿನೈದಿಪ್ಪತ್ತು ಡೈವ್ ಮುಗಿಸಿದವರಿಗೆ ಮಾತ್ರ. ಮುರ್ಡೇಶ್ವರದಲ್ಲಿ ಬೋಟು ಹತ್ತಿ, ಇನ್‌ಸ್ಟ್ರಕ್ಟರ್ ಕೈ ಹಿಡಿದುಕೊಂಡು ಒಮ್ಮೆ ಮುಳುಗಿ ಫೋಟೊ ತೆಗೆಸಿಕೊಂಡದ್ದು ಲೆಕ್ಕಕ್ಕೆ ಬರುವುದಿಲ್ಲ.

ಹಂತ 1: ಊರಲ್ಲಿರುವಾಗಲೇ ಮಾಡಿ ಮುಗಿಸಬೇಕಾದ್ದು

ಮೇ ತಿಂಗಳಲ್ಲಿ ನಲ್ಲಿ ನೀರೇ ಬಿಸಿ ಬರುವ ಊರಿನವರಿಗೆ ತಣ್ಣೀರಿನ ಏಟು ಜೋರಾಗಿಯೇ ಬೀಳುತ್ತದೆ. ಮುಖ, ಕುತ್ತಿಗೆ, ಎದೆಗೆ ತಣ್ಣೀರು ತಾಗಿದಾಗ ಮೈ ತಾನಾಗಿಯೇ ಉಸಿರೆಳೆದುಕೊಳ್ಳುತ್ತದೆ. ಮೊದಲ ಅರ್ಧ ನಿಮಿಷ ಇದು ತೀರ ಜೋರು, ಎರಡು ಮೂರು ನಿಮಿಷಕ್ಕೆ ಇಳಿಯುತ್ತದೆ. ಎರಡು ಮೂರು ನಿಮಿಷದಂತೆ ಐದಾರು ಸಲ ತಣ್ಣೀರಿನಲ್ಲಿ ಕೂತು ರೂಢಿಯಾದವರಿಗೆ ಈ ಏದುಸಿರು ಗಣನೀಯವಾಗಿ ಕಡಿಮೆಯಾಗುತ್ತದೆ.

ಇದನ್ನು ಮನೆಯಲ್ಲೇ ಮಾಡಬಹುದು. 200 ಲೀಟರಿನ ಡ್ರಮ್ಮಿಗೆ 150 ಲೀಟರ್ ನೀರು ತುಂಬಿ. ನೀರು 28 ಡಿಗ್ರಿ ಇದ್ದರೆ ಅದನ್ನು 15ಕ್ಕೆ ಇಳಿಸಲು ಸುಮಾರು 20 ಕೆಜಿ ಐಸ್ ಬೇಕು. ಐಸ್ ಫ್ಯಾಕ್ಟರಿಯ ಗಡ್ಡೆಯನ್ನು ಒಡೆಸಿ ತನ್ನಿ, ಪೂರ್ತಿ ಕರಗಿದ ಮೇಲೆ ಥರ್ಮಾಮೀಟರ್ ಹಾಕಿ ನೋಡಿ. ಒಬ್ಬರೇ ಇದ್ದಾಗ ಇಳಿಯಬೇಡಿ. ಬಿಪಿ ಅಥವಾ ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಇದಕ್ಕೂ ಕೈ ಹಾಕಬಾರದು, ಆ ಸರೋವರಕ್ಕೂ ಇಳಿಯಬಾರದು. ಬಿಪಿ ಇದ್ದವರಿಗೆ ತಣ್ಣೀರಿನೊಳಗೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯ ಹೆಚ್ಚು.

ಎರಡನೇ ಅಭ್ಯಾಸ ಕೈಯದು. 5 ಮಿ.ಮೀ. ಗ್ಲೌಸ್ ಹಾಕಿ, ಐಸ್ ಹಾಕಿದ ಬಕೆಟ್ಟಿನಲ್ಲಿ ಐದು ನಿಮಿಷ ಕೈ ಅದ್ದಿ ಇಟ್ಟುಕೊಳ್ಳಿ. ಆಮೇಲೆ ಕೈ ಹೊರಗೆ ತೆಗೆಯದೆ ಮೂರು ಕೆಲಸ ಮಾಡಿ: ಕ್ಲಿಪ್ ಬಿಚ್ಚಿ ಹಾಕುವುದು, ಬಿಸಿಡಿಯ (ತೇಲಲು ಗಾಳಿ ತುಂಬಿಕೊಳ್ಳುವ ಜಾಕೆಟ್) ಇನ್‌ಫ್ಲೇಟರ್ ಹೋಸ್, ಅಂದರೆ ಅದಕ್ಕೆ ಗಾಳಿ ತುಂಬುವ ಕೊಳವೆ, ಕಳಚಿ ಮತ್ತೆ ಕೂಡಿಸುವುದು, ಸೀಸ ಕಟ್ಟಿದ ವೆಯ್ಟ್ ಬೆಲ್ಟಿನ ಬಕಲ್ ಎಳೆಯುವುದು. ಬೆರಳಿಗೆ ಸ್ಪರ್ಶ ಗೊತ್ತಾಗದೆ, ಬರೀ ಒತ್ತಿದ ಅಂದಾಜಿನಲ್ಲೇ ಈ ಮೂರೂ ಬರಬೇಕು. ಇನ್‌ಫ್ಲೇಟರ್ ಹೋಸಿನ ಕಾಲರ್ ಹಿಂದಕ್ಕೆ ಎಳೆಯುವಾಗ ದಪ್ಪ ಗ್ಲೌಸಿನ ಬೆರಳು ಜಾರುತ್ತದೆ. ತೋರುಬೆರಳು ಹೆಬ್ಬೆರಳಿನ ತುದಿ ಸಾಲದು, ಮುಷ್ಟಿಯಲ್ಲಿ ಹಿಡಿದು ಎಳೆಯಬೇಕು.

ಈಜುಕೊಳದಲ್ಲಿ ಮಾಸ್ಕ್ ತೆಗೆದು ಒಂದು ನಿಮಿಷ ಉಸಿರಾಡುವ ಅಭ್ಯಾಸವೂ ಆಗಲಿ. ತಣ್ಣೀರು ಮೂಗಿಗೆ ನುಗ್ಗಿದಾಗ ಗಾಬರಿಯಾಗುವವರೇ ಹೆಚ್ಚು.

ತುಂಗಭದ್ರಾ ಹಿನ್ನೀರಿನಲ್ಲೋ ಸಣಾಪುರ ಕೆರೆಯಲ್ಲೋ ಅಭ್ಯಾಸ ಮಾಡುವ ಯೋಚನೆ ಬೇಡವೇ ಬೇಡ. ಹಿನ್ನೀರಿನಲ್ಲಿ ಹೂಳು, ಕಣ್ಣಿಗೆ ಏನೂ ಕಾಣದು. ಅಣೆಕಟ್ಟು, ಕಾಲುವೆಯ ಕಡೆ ಸೆಳೆತ. ನದಿಯಲ್ಲಿ ಮೊಸಳೆ. ಸಣಾಪುರದಲ್ಲಿ ಕಾಲುವೆ ನೀರಿನ ರಭಸ, ಬಂಡೆ, ಮೇಲೆ ಓಡಾಡುವ ಹರಿಗೋಲು. ಅಣೆಕಟ್ಟಿನಿಂದ ಕಂಪ್ಲಿವರೆಗಿನ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶವೂ ಹೌದು. ಈಜುಕೊಳ ಸಾಕು. ಅದು ಮುಗಿದ ಮೇಲೆ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಗೋವಾಕ್ಕೆ ಹೋಗಿ ಎರಡು ಡೈವ್ ಮಾಡಿ ಬಂದರೆ ತುಕ್ಕು ಬಿಡುತ್ತದೆ.

ಹಂತ 2: ಸಾಮಾನು, ರೆಗ್ಯುಲೇಟರಿನಿಂದ ಶುರು

ರೆಗ್ಯುಲೇಟರ್ ಯಾಕೆ ಹಿಮಗಟ್ಟುತ್ತದೆ ಎಂದು ತಿಳಿದರೆ ಮುಂದಿನ ಅರ್ಧ ನಿಯಮ ಬಾಯಿಪಾಠ ಮಾಡಬೇಕಿಲ್ಲ. ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿರುವ ಗಾಳಿ ಫಸ್ಟ್ ಸ್ಟೇಜಿನಲ್ಲಿ (ರೆಗ್ಯುಲೇಟರಿನ ಸಿಲಿಂಡರಿಗೆ ಕೂರುವ ಭಾಗ; ಬಾಯಿಗಿಡುವುದು ಸೆಕೆಂಡ್ ಸ್ಟೇಜ್) ಹತ್ತು ಬಾರ್ ಆಸುಪಾಸಿಗೆ ಇಳಿಯುತ್ತದೆ. ಹೀಗೆ ಒಮ್ಮೆಲೇ ಹಿಗ್ಗಿದ ಗಾಳಿ ಸೊನ್ನೆಗಿಂತ ಕೆಳಗೆ ತಣ್ಣಗಾಗುತ್ತದೆ. ಸುತ್ತಲಿನ ನೀರು 28 ಡಿಗ್ರಿ ಇದ್ದರೆ ಅದೇ ಲೋಹವನ್ನು ಬೆಚ್ಚಗಿಡುತ್ತದೆ. 5 ಡಿಗ್ರಿ ನೀರಿಗೆ ಆ ಶಕ್ತಿ ಇಲ್ಲ. ಕವಾಟದ ಸುತ್ತ ಮಂಜುಗಡ್ಡೆ ಕಟ್ಟಿ, ಕವಾಟ ತೆರೆದೇ ನಿಲ್ಲುತ್ತದೆ, ಗಾಳಿ ನಿಲ್ಲದೆ ಹರಿಯುತ್ತದೆ. ಹೆಚ್ಚು ಹರಿದಷ್ಟೂ ಇನ್ನಷ್ಟು ತಣ್ಣಗಾಗುತ್ತದೆ.

ಒಮ್ಮೆಗೆ ಎಷ್ಟು ಗಾಳಿ ಹರಿಯುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಏದುಸಿರು, ಇನ್‌ಫ್ಲೇಟರ್ ಬಟನ್ ಒತ್ತಿ ಹಿಡಿಯುವುದು, ಬಾಯಿಭಾಗದ ನೀರನ್ನು ಗಾಳಿಯಿಂದ ಹೊರದೂಡುವ ಪರ್ಜ್ ಬಟನ್ ಒತ್ತುವುದು, ಒಂದೇ ಫಸ್ಟ್ ಸ್ಟೇಜಿನಿಂದ ಇಬ್ಬರು ಉಸಿರಾಡುವುದು, ಇವೆಲ್ಲ ಹರಿವನ್ನು ಏರಿಸುತ್ತವೆ.

ಯುರೋಪಿನ ಇಎನ್ 250 ಮಾನದಂಡದಲ್ಲಿ 10 ಡಿಗ್ರಿಗಿಂತ ತಣ್ಣನೆಯ ನೀರಿಗೆ ಪರೀಕ್ಷೆ ಬೇರೆಯೇ ಇದೆ. ಅದರಲ್ಲಿ ಪಾಸಾಗದ ರೆಗ್ಯುಲೇಟರಿನ ಮೇಲೆ ‘10 ಡಿಗ್ರಿಗಿಂತ ಹೆಚ್ಚು’ ಎಂಬ ಗುರುತು ಇರುತ್ತದೆ. ಬಾಡಿಗೆಗೆ ತೆಗೆದುಕೊಳ್ಳುವಾಗ ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್ ಎರಡರ ಮೇಲೂ ಇದನ್ನು ಹುಡುಕಿ. ಆ ಗುರುತು ಕಂಡರೆ ವಾಪಸ್ ಕೊಡಿ. ಸರ್ವೀಸ್ ಯಾವಾಗ ಆಗಿದೆ, ತಣ್ಣೀರಿಗೆ ಬೇಕಾದಂತೆ ಹೊಂದಿಸಿದ್ದಾರಾ ಕೇಳಿ.

ಸಿಲಿಂಡರ್: ಎರಡು ಪ್ರತ್ಯೇಕ ವಾಲ್ವ್ ಇರುವುದನ್ನೇ ಕೇಳಿ ಪಡೆಯಿರಿ. ಆಲ್ಪ್ಸ್ ಕಡೆ ಇದು ಸಾಮಾನ್ಯ, ಎಷ್ಟೋ ಕಡೆ ಕಡ್ಡಾಯ. ಎರಡು ವಾಲ್ವಿಗೆ ಎರಡು ಫಸ್ಟ್ ಸ್ಟೇಜ್. ಒಂದರಿಂದ ನೀವು ಉಸಿರಾಡುವ ಸೆಕೆಂಡ್ ಸ್ಟೇಜ್, ಇನ್ನೊಂದರಿಂದ ಆಕ್ಟೋಪಸ್ ಮತ್ತು ಬಿಸಿಡಿ ಇನ್‌ಫ್ಲೇಟರ್. ಹೀಗೆ ಹಂಚಿದರೆ ಉಸಿರು ಮತ್ತು ಇನ್‌ಫ್ಲೇಟರ್ ಎರಡರ ಭಾರವೂ ಒಂದೇ ಕವಾಟದ ಮೇಲೆ ಬೀಳುವುದಿಲ್ಲ, ಮೊದಲನೆಯದನ್ನು ಮುಚ್ಚಿದರೂ ತೇಲುವ ವ್ಯವಸ್ಥೆ ಉಳಿಯುತ್ತದೆ. ಅಲ್ಲಿ ವಾಲ್ವುಗಳು ತಿರುಪಿ ಕೂರಿಸುವ ಡಿನ್ ಮಾದರಿಯವು. ನಮ್ಮ ಕಡೆ ಹೆಚ್ಚಾಗಿ ಸಿಗುವ, ಕ್ಲಾಂಪಿನಂತೆ ಬಿಗಿಯುವ ಯೋಕ್ ರೆಗ್ಯುಲೇಟರ್ ಒಯ್ದರೆ ಕೂರುವುದಿಲ್ಲ.

ಸೂಟ್: ಬೇಸಿಗೆಯಲ್ಲಿ, ಮೇಲಿನ ಬೆಚ್ಚನೆಯ ಪದರದಲ್ಲೇ ಇರುವುದಾದರೆ 7 ಮಿ.ಮೀ. ಸೆಮಿ-ಡ್ರೈ (ನೀರನ್ನು ಅಷ್ಟಾಗಿ ಒಳಬಿಡದ ಸೂಟ್), 5 ಮಿ.ಮೀ.ಗೆ ಕಡಿಮೆಯಿಲ್ಲದ ಹುಡ್, ಗ್ಲೌಸ್, ಬೂಟ್ ಸಾಕು. 10 ಡಿಗ್ರಿಗಿಂತ ಕೆಳಗೆ ಅರ್ಧ ಗಂಟೆ ಇರುವುದಾದರೆ ಒಳಗೆ ನೀರು ಬರದ, ಗಾಳಿ ತುಂಬಿಕೊಳ್ಳುವ ಡ್ರೈಸೂಟ್ ಬೇಕು. ಆದರೆ ಡ್ರೈಸೂಟಿಗೆ ಬೇರೆ ತರಬೇತಿ ಇದೆ. ಅಂಗಡಿಯವರು ಕೊಡುತ್ತಾರೆ ಎಂದು ಮೊದಲ ಸಲ ಹಾಕಿಕೊಂಡು ಸರೋವರಕ್ಕೆ ಇಳಿದರೆ, ಸೂಟಿನ ಗಾಳಿಯೆಲ್ಲ ಕಾಲಿಗೆ ಹೋಗಿ ತಲೆಕೆಳಗಾಗಿ ಮೇಲಕ್ಕೆ ಚಿಮ್ಮುತ್ತೀರಿ.

ಹುಡ್ ಬಿಗಿಯಾಗಿ ಕುತ್ತಿಗೆ ಒತ್ತಿದರೆ ತಲೆಸುತ್ತು ಬರುತ್ತದೆ. ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿಕೊಂಡು ನೋಡಿ. ಒಬ್ಬೊಬ್ಬರಿಗೂ ಎರಡು ಟಾರ್ಚ್, ಮೀನಿನ ದಾರ ಕತ್ತರಿಸಲು ಒಂದು ಕಟರ್. ಟಾರ್ಚಿನ ಲಿಥಿಯಂ ಬ್ಯಾಟರಿ ವಿಮಾನದಲ್ಲಿ ಕೈಚೀಲದಲ್ಲಿ ಹೋಗಬೇಕು.

ಹಂತ 3: ಎತ್ತರದ ಲೆಕ್ಕ

ಡೈವಿಂಗ್ ಪಾಠಗಳಲ್ಲಿ 300 ಮೀಟರಿನ ಮೇಲಿನದ್ದೆಲ್ಲ ಎತ್ತರದ ಡೈವ್. ಬಳ್ಳಾರಿಯೇ ಸಮುದ್ರಮಟ್ಟದಿಂದ ಸುಮಾರು 485 ಮೀಟರ್ ಮೇಲಿದೆ. ಬವೇರಿಯಾದ ವಾಲ್ಶೆನ್‌ಸೇ ಸರೋವರ ಸುಮಾರು 800 ಮೀಟರಿನಲ್ಲಿದೆ, ಅಲ್ಲಿ ಗಾಳಿಯ ಒತ್ತಡ 0.92 ಬಾರ್. ಅಮೆರಿಕದ ತಾಹೋ ಸರೋವರ 1,897 ಮೀಟರ್, ಅಲ್ಲಿ 0.80 ಬಾರ್.

ಮೇಲೆ ಒತ್ತಡ ಕಡಿಮೆ ಇರುವುದರಿಂದ, ಅದೇ ಆಳದಿಂದ ಮೇಲೆ ಬಂದರೂ ಒತ್ತಡದ ಅನುಪಾತ ಹೆಚ್ಚು ಬದಲಾಗುತ್ತದೆ. ಮೈಯೊಳಗಿನ ನೈಟ್ರೋಜನ್ ಗುಳ್ಳೆಯಾಗುವ ಸಾಧ್ಯತೆ ಏರುತ್ತದೆ. ಡೈವ್ ಟೇಬಲ್ (ಯಾವ ಆಳದಲ್ಲಿ ಎಷ್ಟು ನಿಮಿಷ ಇರಬಹುದು ಎಂಬ ಪಟ್ಟಿ) ನೋಡುವಾಗ ನಿಜವಾದ ಆಳವನ್ನು ಸಮುದ್ರಮಟ್ಟದ ಸಮಾನ ಆಳಕ್ಕೆ ಬದಲಿಸಿಕೊಳ್ಳಬೇಕು. ತಾಹೋದಲ್ಲಿ 18 ಮೀಟರ್ ಇಳಿದರೆ ಟೇಬಲ್ಲಿಗೆ ಅದು ಸುಮಾರು 22.6 ಮೀಟರ್. ಡೈವಿಂಗ್ ತರಬೇತಿ ಸಂಸ್ಥೆ ಪಾಡಿಯ ಟೇಬಲ್ಲಿನಲ್ಲಿ 18 ಮೀಟರಿಗೆ 56 ನಿಮಿಷ ಸಿಗುತ್ತದೆ. 22.6 ಅನ್ನು ಮುಂದಿನ ಸಾಲಾದ 25ಕ್ಕೆ ಏರಿಸಿ ನೋಡಿದರೆ ಸಿಗುವುದು 29 ನಿಮಿಷ. ವಾಲ್ಶೆನ್‌ಸೇಯಲ್ಲಿ ಅದೇ 18 ಮೀಟರ್ ಹತ್ತಿರ ಹತ್ತಿರ 20 ಆಗುತ್ತದೆ, 45 ನಿಮಿಷ.

ಡೈವ್ ಕಂಪ್ಯೂಟರಿನಲ್ಲಿ ಎರಡು ವಿಷಯ ನೋಡಿ: ನೀರು ಸಿಹಿನೀರು ಎಂದು ಇದೆಯೇ, ಎತ್ತರ ಸರಿಯಾಗಿದೆಯೇ. ಕೆಲವು ತಾವೇ ಎತ್ತರ ಗುರುತಿಸುತ್ತವೆ, ಕೆಲವಕ್ಕೆ ಕೈಯಿಂದ ಹಾಕಬೇಕು. ನೇತ್ರಾಣಿಯಿಂದ ತಂದ ಸೆಟ್ಟಿಂಗಿನಲ್ಲೇ ಇಳಿಯುವುದು ತೀರ ಸಾಮಾನ್ಯ ತಪ್ಪು. ಬೆಟ್ಟ ಹತ್ತಿ ಬಂದ ತಕ್ಷಣವೂ ಇಳಿಯಬೇಡಿ. ಹಿಂದಿನ ರಾತ್ರಿ ಸರೋವರದ ಪಕ್ಕದ ಊರಲ್ಲೇ ತಂಗಿದರೆ ಈ ತಲೆನೋವೇ ಇಲ್ಲ.

ಹಂತ 4: ಹೊಸ ಜೊತೆಗಾರರೊಂದಿಗೆ ದಡದ ಮಾತು

ಇದಕ್ಕೆ ಕನಿಷ್ಠ ಅರ್ಧ ಗಂಟೆ ಇಡಿ. ನಮ್ಮವರಲ್ಲಿ ಒಂದು ಸಂಕೋಚ ಇದೆ: ವಯಸ್ಸಿನಲ್ಲಿ ಹಿರಿಯರು, ಅನುಭವಸ್ಥರು, ಅವರನ್ನು ‘ನಿಮ್ಮ ಆಕ್ಟೋಪಸ್ ತೋರಿಸಿ’ ಎಂದು ಹೇಗೆ ಕೇಳುವುದು? ಕೇಳಬೇಕು. ಅಲ್ಲಿಯವರು ಬೇಸರ ಮಾಡಿಕೊಳ್ಳುವುದಿಲ್ಲ, ಕೇಳದಿದ್ದರೆ ಅನುಮಾನ ಪಡುತ್ತಾರೆ. ತಂಡದಲ್ಲಿ ಊರಿನವರೇ ಒಬ್ಬರಿದ್ದು, ನೀವು ‘ಅಣ್ಣ’ ಎಂದು ಕರೆಯುವವರಾದರೆ ಇನ್ನೂ ಕಷ್ಟ. ಅಣ್ಣನನ್ನೂ ಕೇಳಿ.

ಮೊದಲು ಮಾತು. ಕೊನೆಯ ಡೈವ್ ಯಾವಾಗ? 10 ಡಿಗ್ರಿಗಿಂತ ತಣ್ಣನೆಯ ನೀರಿನಲ್ಲಿ ಎಷ್ಟು ಸಲ? ಸಿಲಿಂಡರ್ ಎಷ್ಟು ಲೀಟರ್? ಇವತ್ತು ಮೈ ಸರಿ ಇದೆಯಾ, ನೆಗಡಿ ಇದೆಯಾ? ಮುಂದೆ ಯಾರು ಹೋಗುತ್ತಾರೆ? ಗುಂಪಿನಲ್ಲಿ ನಾಲ್ಕು ಜನ ಇದ್ದರೂ ಜೋಡಿ ಎರಡೆರಡೇ. ‘ಎಲ್ಲರೂ ಎಲ್ಲರನ್ನೂ ನೋಡಿಕೊಳ್ಳೋಣ’ ಎಂದರೆ ಯಾರೂ ಯಾರನ್ನೂ ನೋಡುವುದಿಲ್ಲ. ಮೂವರಾದರೆ ಹೊಸಬ ನಡುವೆ.

ಕ್ಯಾಮೆರಾ ಹಿಡಿದವರ ಜೋಡಿಯಾಗಬೇಡಿ, ಮೊದಲ ಡೈವಿನಲ್ಲಂತೂ ಬೇಡ.

ಆಮೇಲೆ ಕೈಸನ್ನೆ. ಹೆಬ್ಬೆರಳು ಎತ್ತಿದರೆ ನಮಗೆ ‘ಚೆನ್ನಾಗಿದೆ’, ನೀರೊಳಗೆ ಅದು ‘ಮೇಲೆ ಹೋಗೋಣ’. ಗಾಬರಿಯಲ್ಲಿ ಹಳೇ ರೂಢಿಯೇ ಬರುತ್ತದೆ, ಆದ್ದರಿಂದ ದಡದಲ್ಲಿ ಹತ್ತು ಸಲ ಮಾಡಿ. ಮುಷ್ಟಿಯನ್ನು ಎದೆಗೆ ಹಿಡಿದರೆ ಗಾಳಿ ಕಡಿಮೆ ಎಂದು ನೀವು ಕಲಿತಿರಬಹುದು, ಯುರೋಪಿನ ಹಲವರು ಅದೇ ಅರ್ಥಕ್ಕೆ ಮುಷ್ಟಿಯನ್ನು ತಲೆಯ ಮಟ್ಟಕ್ಕೆ ಎತ್ತುತ್ತಾರೆ. ಎರಡು ಕೈಯಿಂದ ಮಾಡುವ ‘ಟಿ’ ಗುರುತು ಕೆಲವರಿಗೆ 100 ಬಾರ್, ಬೇರೆಯವರಿಗೆ ಸುರಕ್ಷತಾ ನಿಲುಗಡೆಯಂತೆ (ಮೇಲೆ ಬರುವ ಮುಂಚೆ 5 ಮೀಟರಿನಲ್ಲಿ ಕೆಲ ನಿಮಿಷ ನಿಲ್ಲುವುದು) ಕಾಣುತ್ತದೆ. ಒಂದೊಂದು ಸಂಖ್ಯೆಯನ್ನೂ ಬೆರಳಿನಲ್ಲಿ ತೋರಿಸಿ ಒಪ್ಪಿಕೊಳ್ಳಿ. ಮೂರು ಬೆರಳಿನ ಗ್ಲೌಸ್ ಹಾಕಿದವರಿಗೆ ನಾಲ್ಕು ತೋರಿಸಲು ಆಗುವುದೇ ಇಲ್ಲ, ಅವರಿಗೆ ಸ್ಲೇಟ್ ಬೇಕು.

ಕೊನೆಗೆ ಸಾಮಾನು ಮುಟ್ಟಿ ನೋಡುವುದು. ಗ್ಲೌಸ್ ಹಾಕಿಕೊಂಡೇ ಅವರ ಆಕ್ಟೋಪಸ್ ಕೈಗೆ ತೆಗೆದುಕೊಳ್ಳಿ, ವೆಯ್ಟ್ ಬಿಚ್ಚುವ ಹಿಡಿ ಮುಟ್ಟಿ, ಯಾವ ವಾಲ್ವ್ ಯಾವ ರೆಗ್ಯುಲೇಟರಿನದ್ದು ಎಂದು ಹೋಸ್ ಹಿಡಿದು ಗುರುತಿಸಿ. ಬೆನ್ನ ಹಿಂದಿನ ವಾಲ್ವನ್ನು ತಾವೇ ಮುಚ್ಚುವುದು ಕಷ್ಟ, ಅವರದ್ದನ್ನು ನೀವೇ ಮುಚ್ಚಬೇಕಾಗಬಹುದು. ಪ್ರದಕ್ಷಿಣೆಯ ದಿಕ್ಕಿಗೆ ತಿರುಗಿಸಿದರೆ ಮುಚ್ಚುತ್ತದೆ. ಇದನ್ನು ದಡದಲ್ಲಿ ಒಮ್ಮೆ ಮಾಡಿ, ಮತ್ತೆ ಪೂರ್ತಿ ತೆರೆದಿದ್ದೀರಾ ನೋಡಿ.

ಒಂದು ಒಪ್ಪಂದ ಬಾಯಿಬಿಟ್ಟು ಹೇಳಿಕೊಳ್ಳಿ: ಯಾರು ಯಾವಾಗ ಹೆಬ್ಬೆರಳು ಎತ್ತಿದರೂ ಇಬ್ಬರೂ ಮೇಲೆ, ಕಾರಣ ಕೇಳುವುದು ದಡಕ್ಕೆ ಬಂದ ಮೇಲೆ. ಈ ಮಾತಿಗೆ ನಗುವವರ ಜೊತೆ ಇಳಿಯದಿರುವುದೇ ಒಳ್ಳೆಯದು.

ಹಂತ 5: ಗಾಳಿಯ ಲೆಕ್ಕ, ದಡದಲ್ಲೇ

‘50 ಬಾರ್ ಉಳಿಸಿ ಮೇಲೆ ಬಾ’ ಎಂಬುದು ಬೆಚ್ಚನೆಯ ನೀರಿನ ರೂಢಿ. ಇಲ್ಲಿ ಅದು ಸಾಲದು ಏಕೆಂದರೆ ಒಬ್ಬರ ಗಾಳಿ ಪೂರ್ತಿ ಹೋದರೆ ಇನ್ನೊಬ್ಬರ ಸಿಲಿಂಡರಿನಿಂದ ಇಬ್ಬರೂ ಮೇಲೆ ಬರಬೇಕು, ಅದೂ ಏದುಸಿರಿನಲ್ಲಿ.

18 ಮೀಟರಿನಿಂದ ಲೆಕ್ಕ ಹಾಕಿ ನೋಡೋಣ. ಗಾಬರಿಯಲ್ಲಿ ಒಬ್ಬರಿಗೆ ನಿಮಿಷಕ್ಕೆ 30 ಲೀಟರ್, ಇಬ್ಬರಿಗೆ 60. 18 ಮೀಟರಿನಲ್ಲಿ ಒತ್ತಡ 2.8 ಬಾರ್, ಅಷ್ಟು ಪಟ್ಟು ಗಾಳಿ ಬೇಕು. ತಳದಲ್ಲಿ ಸರಿಮಾಡಿಕೊಳ್ಳಲು 1 ನಿಮಿಷ: 60 × 2.8 = 168 ಲೀಟರ್. ನಿಮಿಷಕ್ಕೆ 9 ಮೀಟರಿನಂತೆ ಏರಲು 2 ನಿಮಿಷ, ಸರಾಸರಿ ಒತ್ತಡ 1.9: 228 ಲೀಟರ್. ಸುರಕ್ಷತಾ ನಿಲುಗಡೆಗೆ 5 ಮೀಟರಿನಲ್ಲಿ 3 ನಿಮಿಷ: 60 × 1.5 × 3 = 270. ಒಟ್ಟು 666 ಲೀಟರ್. 12 ಲೀಟರ್ ಸಿಲಿಂಡರಿನಲ್ಲಿ ಇದು 56 ಬಾರ್, 10 ಲೀಟರಿನದ್ದರಲ್ಲಿ 67. ಗೇಜಿನ ತಪ್ಪಿಗೆ ಸ್ವಲ್ಪ ಸೇರಿಸಿದರೆ 70 ಮತ್ತು 80. ತಳ ಬಿಡುವಾಗ ಇದಕ್ಕಿಂತ ಕಡಿಮೆ ಇರಲೇಬಾರದು.

ಅಂದರೆ 200 ಬಾರಿನಿಂದ ಹೊರಟರೆ, ಇಬ್ಬರಲ್ಲಿ ಯಾರದ್ದು ಮೊದಲು 140ಕ್ಕೆ ಬಂದರೂ ವಾಪಸ್ ತಿರುಗಿ. ಇಬ್ಬರ ಸಿಲಿಂಡರ್ ಗಾತ್ರ ಬೇರೆಯಾದರೆ ಚಿಕ್ಕದರ ಲೆಕ್ಕವೇ ಇಬ್ಬರಿಗೂ. ಮೊದಲ ಡೈವಿಗೆ 12 ಮೀಟರ್, 25 ನಿಮಿಷ, ಅಷ್ಟೇ. ವಾಲ್ಶೆನ್‌ಸೇ ಸುಮಾರು 190 ಮೀಟರ್ ಆಳ. ದಡದ ಇಳಿಜಾರು ಸೀದಾ ಕತ್ತಲಿಗೆ ಇಳಿಯುತ್ತದೆ, ಕಾಲಿಗೆ ತಳ ಸಿಗುತ್ತದೆ ಎಂದು ಕಾಯುತ್ತ ಇಳಿದರೆ ಸಿಗುವುದಿಲ್ಲ.

ಹಂತ 6: ತೂಕದ ಪರೀಕ್ಷೆ

ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ತೇಲುವ ಬಲ ಎರಡೂವರೆ ಶೇಕಡದಷ್ಟು ಕಡಿಮೆ. ಮೈ ಮತ್ತು ಸಾಮಾನು ಸೇರಿ 95 ಕೆಜಿ ಇದ್ದರೆ ಎರಡು ಕೆಜಿಗಿಂತ ಹೆಚ್ಚು ತೂಕ ತೆಗೆಯಬೇಕು. ಅದೇ ಹೊತ್ತಿಗೆ 7 ಮಿ.ಮೀ. ಸೂಟು, ಹುಡ್ಡು ಮೇಲಕ್ಕೆತ್ತುತ್ತವೆ, ಅದಕ್ಕೆ ಸೇರಿಸಬೇಕು. ನೇತ್ರಾಣಿಯ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಾದಾಗ ತೇಲುತ್ತಿತ್ತು, ಇಲ್ಲಿನ ಸ್ಟೀಲ್ ಸಿಲಿಂಡರ್ ತೇಲುವುದಿಲ್ಲ. ಹಳೆಯ ಸಂಖ್ಯೆ ಮರೆತುಬಿಡಿ. ಮೈತೂಕದ ಹತ್ತನೇ ಒಂದು ಭಾಗದಿಂದ ಶುರುಮಾಡಿ, ಪರೀಕ್ಷೆ ಮಾಡಿ.

ಎದೆಮಟ್ಟದ ನೀರಿನಾಚೆ, ದಡದ ಪಕ್ಕದಲ್ಲೇ, ಪೂರ್ತಿ ಸಾಮಾನಿನೊಂದಿಗೆ ಬಿಸಿಡಿಯ ಗಾಳಿಯೆಲ್ಲ ಬಿಡಿ. ಸಾಧಾರಣ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕಿರಬೇಕು, ಉಸಿರು ಬಿಟ್ಟಾಗ ನಿಧಾನ ಮುಳುಗಬೇಕು. ಇದು ತುಂಬಿದ ಸಿಲಿಂಡರಿನಲ್ಲಿ ಮಾಡಿದ ಪರೀಕ್ಷೆಯಾದರೆ 2 ಕೆಜಿ ಸೇರಿಸಿ. 12 ಲೀಟರಿನಲ್ಲಿ 150 ಬಾರ್ ಖರ್ಚಾದರೆ ಅಷ್ಟು ಗಾಳಿಯ ತೂಕವೇ 2.2 ಕೆಜಿ.

ಮುಳುಗುತ್ತಿಲ್ಲ ಎಂದು ಸಿಕ್ಕಷ್ಟು ಸೀಸ ಕಟ್ಟಿಕೊಳ್ಳುವುದೇ ಇಲ್ಲಿನ ದೊಡ್ಡ ತಪ್ಪು. ಆಳಕ್ಕೆ ಹೋದಂತೆ ಸೂಟು ಒತ್ತಿಕೊಂಡು ತೆಳುವಾಗುತ್ತದೆ, ತೇಲುವ ಬಲ ಕಳೆದುಕೊಳ್ಳುತ್ತದೆ, ಕಲ್ಲಿನಂತೆ ಇಳಿಯುತ್ತೀರಿ. ತಡೆಯಲು ಇನ್‌ಫ್ಲೇಟರ್ ಒತ್ತಿ ಹಿಡಿಯುತ್ತೀರಿ, ಅದೇ ಹೊತ್ತಿಗೆ ಗಾಬರಿಯಲ್ಲಿ ಜೋರಾಗಿ ಉಸಿರೆಳೆಯುತ್ತೀರಿ. ಹಂತ 2ರಲ್ಲಿ ಹೇಳಿದ್ದೆಲ್ಲ ಆಗ ಒಟ್ಟಿಗೇ ಆಗುತ್ತದೆ. ಮೂರು ನಾಲ್ಕು ಕೆಜಿ ಹೆಚ್ಚುವರಿ ಸೀಸ ಸಾಕು ರೆಗ್ಯುಲೇಟರ್ ಹಿಮಗಟ್ಟಿಸಲು.

ಹಂತ 7: ನೀರಿಗಿಳಿಯುವ ಕ್ರಮ

ಎರಡು ಗಂಟೆ ಮುಂಚೆ ಹದವಾಗಿ ತಿಂದಿರಿ. ಊರಿನಿಂದ ತಂದ ಮಂಡಕ್ಕಿ ಒಗ್ಗರಣೆ ನಡೆಯುತ್ತದೆ, ಜೊತೆಗೆ ನಾಲ್ಕು ಮಿರ್ಚಿ ನಡೆಯುವುದಿಲ್ಲ. ಹೊಟ್ಟೆ ಬಿಗಿಯುವ ಸೂಟಿನೊಳಗೆ ಎಣ್ಣೆ ತಿಂಡಿ ಸುಮ್ಮನಿರುವುದಿಲ್ಲ. ಚಳಿಗೆಂದು ಬ್ರಾಂದಿ ಕುಡಿದರೆ ಚರ್ಮದ ರಕ್ತನಾಳ ಹಿಗ್ಗಿ ಮೈಯ ಶಾಖ ಬೇಗ ಹೋಗುತ್ತದೆ.

ಬಿಸಿಲಿನಲ್ಲಿ ಸೂಟ್ ಹಾಕಿಕೊಂಡು ಹರಟುತ್ತ ನಿಲ್ಲಬೇಡಿ. ಬೆವತ ಮೈ ನೀರಿಗೆ ಬಿದ್ದರೆ ಬೇಗ ನಡುಗುತ್ತದೆ. ಇಳಿಯುವ ಮುಂಚೆ ಫ್ಲಾಸ್ಕಿನ ಉಗುರುಬೆಚ್ಚನೆ ನೀರನ್ನು ಗ್ಲೌಸಿಗೆ, ಬೂಟಿಗೆ ಸುರಿದುಕೊಳ್ಳಿ.

ರೆಗ್ಯುಲೇಟರ್ ಪರೀಕ್ಷೆ ಮಾಡುವಾಗ ನಾಲ್ಕು ಉಸಿರೆಳೆದು ಗೇಜಿನ ಮುಳ್ಳು ನೋಡಿ. ಮುಳ್ಳು ಅಲ್ಲಾಡಿದರೆ ವಾಲ್ವ್ ಪೂರ್ತಿ ತೆರೆದಿಲ್ಲ. ಚಳಿಗಾಲದಲ್ಲಿ ಹೊರಗೆ ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೆ ಈ ಪರೀಕ್ಷೆ ಕಾರಿನೊಳಗೋ ಕೋಣೆಯಲ್ಲೋ ಆಗಬೇಕು. ಹೊರಗೆ ಉಸಿರು ಬಿಟ್ಟರೆ ಬಾಯಿಯ ತೇವ ಸೆಕೆಂಡ್ ಸ್ಟೇಜಿನಲ್ಲೇ ಹೆಪ್ಪುಗಟ್ಟುತ್ತದೆ. ನೀರಿನ ಮೇಲೆ ಪರ್ಜ್ ಬಟನ್ ಒತ್ತಿ ಆಟವಾಡಬೇಡಿ.

ಕಾಲಿನ ಕೆಳಗೆ ಪಾಚಿಗಟ್ಟಿದ ಕಲ್ಲು ಇರುತ್ತದೆ. ಜೊತೆಗಾರನ ಹೆಗಲು ಹಿಡಿದು ಇಳಿಯಿರಿ, ಫಿನ್ ಸೊಂಟಮಟ್ಟದ ನೀರಿನಲ್ಲಿ ಹಾಕಿಕೊಳ್ಳಿ. ಮಾಸ್ಕ್ ತೆಗೆದು ಮುಖವನ್ನು ನೀರಿಗೆ ಅದ್ದಿ, ಕುತ್ತಿಗೆಗೂ ನೀರು ಬಿಟ್ಟುಕೊಳ್ಳಿ. ಉಸಿರು ನಿಧಾನವಾಗುವವರೆಗೆ, ಮೂರು ನಿಮಿಷವೇ ಆಗಲಿ, ಮೇಲೆಯೇ ಇರಿ. ಇಬ್ಬರೂ ‘ಸರಿ’ ಎಂದು ತೋರಿಸಿದ ಮೇಲೆ ಇಳಿಯಿರಿ. 3 ಮೀಟರಿನಲ್ಲಿ ನಿಂತು ಒಬ್ಬರ ಸುತ್ತ ಒಬ್ಬರು ಗುಳ್ಳೆ ಸೋರಿಕೆ ನೋಡಿ, ಎರಡನೇ ರೆಗ್ಯುಲೇಟರಿನಿಂದಲೂ ಎರಡು ಉಸಿರು ತೆಗೆದುಕೊಳ್ಳಿ.

ಹಂತ 8: ಕೆಳಗೆ

ಬೇಸಿಗೆಯಲ್ಲಿ ಮೇಲಿನ ನೀರು 18–20 ಡಿಗ್ರಿ ಇರಬಹುದು. ಸಾಮಾನ್ಯವಾಗಿ 8ರಿಂದ 15 ಮೀಟರಿನ ನಡುವೆ ಅದು ಒಮ್ಮೆಲೇ ಕುಸಿಯುತ್ತದೆ. ನೀರು 4 ಡಿಗ್ರಿಯಲ್ಲಿ ಅತಿ ಭಾರ, ಹಾಗಾಗಿ ಆಳದ ಸರೋವರದ ತಳ ವರ್ಷವಿಡೀ ಅದರ ಆಸುಪಾಸಿನಲ್ಲೇ ಇರುತ್ತದೆ. ತಣ್ಣನೆಯ ಪದರ ಶುರುವಾಗುವ ಜಾಗದಲ್ಲಿ ನೀರು ಎಣ್ಣೆ ಬೆರೆಸಿದಂತೆ ಕದಡಿ ಕಾಣುತ್ತದೆ, ಮೊದಲು ಹಣೆಗೆ, ತುಟಿಗೆ ಚುಚ್ಚುತ್ತದೆ. ಅಲ್ಲಿ ನಿಲ್ಲಿ. ಉಸಿರು ಸರಿಯಾದರೆ ಮಾತ್ರ ಮುಂದೆ. ಮೊದಲ ಡೈವಿನಲ್ಲಿ ಆ ಪದರದ ಮೇಲೆಯೇ ಉಳಿದರೂ ನಷ್ಟವೇನಿಲ್ಲ.

ಇನ್‌ಫ್ಲೇಟರ್ ಅರ್ಧ ಸೆಕೆಂಡಿನಂತೆ ಚುಟುಕಾಗಿ ಒತ್ತಿ, ಉಸಿರು ಬಿಡುವಾಗ ಒತ್ತಿ. ಮೈ ಅಡ್ಡಲಾಗಿರಲಿ, ಕಪ್ಪೆಯಂತೆ ಕಾಲು ಬೀಸಿ. ಮೇಲೆ ಕೆಳಗೆ ಬಡಿದರೆ ತಳದ ನುಣುಪು ಕೆಸರೆದ್ದು ಜೊತೆಗಾರ ಮಾಯವಾಗುತ್ತಾನೆ. ಟಾರ್ಚಿನ ಬೆಳಕಿನ ವೃತ್ತ ಅವನ ಮುಂದೆ ಬೀಳುವಂತೆ ಪಕ್ಕಪಕ್ಕ ಈಜಿ, ಆಗ ಹಿಂದೆ ತಿರುಗಿ ನೋಡಬೇಕಿಲ್ಲ. ಕಾಣದಾದರೆ ಒಂದು ನಿಮಿಷ ಸುತ್ತ ನೋಡಿ, ಮೇಲೆ ಬನ್ನಿ. ಎರಡು ಮೂರು ನಿಮಿಷಕ್ಕೊಮ್ಮೆ ಒತ್ತಡ ಎಷ್ಟು ಎಂದು ಕೇಳಿ.

ಡೈವ್ ನಿಲ್ಲಿಸಬೇಕಾದ ಲಕ್ಷಣಗಳು: ತಡೆಯಲಾಗದ ನಡುಕ, ಕ್ಲಿಪ್ ಹಿಡಿದದ್ದು ಬೆರಳಿಗೆ ಗೊತ್ತಾಗದಿರುವುದು, ಜೊತೆಗಾರ ಕೇಳಿದ್ದಕ್ಕೆ ತಡವಾಗಿ, ತಪ್ಪಾಗಿ ಉತ್ತರಿಸುವುದು, ಉಸಿರೆಳೆಯದಿದ್ದಾಗಲೂ ರೆಗ್ಯುಲೇಟರಿನಿಂದ ಸಣ್ಣ ಗುಳ್ಳೆ ಬರುವುದು. ಕೊನೆಯದು ಹಿಮಗಟ್ಟುವುದರ ಮೊದಲ ಸೂಚನೆ. ಕೆಮ್ಮು, ಎಷ್ಟು ಎಳೆದರೂ ಸಾಲದ ಉಸಿರು, ನೊರೆಯಂಥ ಕಫ ಕಂಡರೆ ಅದು ಚಳಿಯ ಮಾತಲ್ಲ, ಶ್ವಾಸಕೋಶಕ್ಕೆ ನೀರು ಬರುತ್ತಿದೆ. ತಕ್ಷಣ ನೀರಿನಿಂದ ಹೊರಗೆ ತರಬೇಕು.

ಹಂತ 9: ಗಾಳಿ ಭುಸುಗುಟ್ಟಿದರೆ

12 ಲೀಟರ್ ಸಿಲಿಂಡರ್ ಕೆಲವೇ ನಿಮಿಷದಲ್ಲಿ ಖಾಲಿಯಾಗುತ್ತದೆ. ಗುಳ್ಳೆಯ ಗದ್ದಲದಲ್ಲಿ ಕಣ್ಣು ಕಾಣದು, ಕಿವಿ ಕೇಳದು. ಕ್ರಮ ಇದು:

1. ಜೊತೆಗಾರನನ್ನು ಹಿಡಿದುಕೊಳ್ಳಿ. ಭುಸುಗುಡುವ ರೆಗ್ಯುಲೇಟರ್ ಬಾಯಿಂದ ತೆಗೆದು, ಬಾಯಿಭಾಗ ಕೆಳಮುಖ ಮಾಡಿ ಬಿಡಿ.

2. ನಿಮ್ಮದೇ ಎರಡನೇ ಫಸ್ಟ್ ಸ್ಟೇಜಿನ ರೆಗ್ಯುಲೇಟರ್ ಬಾಯಿಗಿಡಿ. ಜೊತೆಗಾರ ಹಿಮಗಟ್ಟಿದ ವಾಲ್ವ್ ಮುಚ್ಚುತ್ತಾನೆ.

3. ಒಬ್ಬರ ತೋಳು ಒಬ್ಬರು ಹಿಡಿದು, ನಿಮಿಷಕ್ಕೆ 9 ಮೀಟರಿನ ವೇಗದಲ್ಲಿ ಮೇಲಕ್ಕೆ. ಮುಚ್ಚಿದ ವಾಲ್ವನ್ನು ಕೆಳಗೇ ಮತ್ತೆ ತೆರೆದು ನೋಡುವುದು ಬೇಡ. ಡೈವ್ ಮುಗಿಯಿತು.

ಸಿಲಿಂಡರಿಗೆ ಒಂದೇ ವಾಲ್ವ್ ಇದ್ದರೆ ಜೊತೆಗಾರನ ಆಕ್ಟೋಪಸ್ ಬೇಕು. ಅವನದ್ದೂ ಒಂದೇ ಫಸ್ಟ್ ಸ್ಟೇಜಾದರೆ ಇಬ್ಬರ ಉಸಿರಿನ ಭಾರ ಅದರ ಮೇಲೆ ಬಿದ್ದು ಅದೂ ಹಿಮಗಟ್ಟಬಹುದು. ಒಂದು ವಾಲ್ವಿನ ಸಿಲಿಂಡರ್ ಹಿಡಿದು ತಣ್ಣನೆಯ ಪದರದ ಕೆಳಗೆ ಹೋಗಬೇಡಿ ಎನ್ನುವುದು ಇದಕ್ಕೇ. ಜೊತೆಗಾರ ದೂರವಿದ್ದರೆ ಭುಸುಗುಡುವ ರೆಗ್ಯುಲೇಟರಿನಿಂದಲೇ ಉಸಿರಾಡಬಹುದು. ತುಟಿ ಬಿಗಿಯಬೇಡಿ, ಒಂದು ಬದಿ ಸಡಿಲ ಬಿಟ್ಟು ಹೆಚ್ಚಿನ ಗಾಳಿ ಹೊರಹೋಗಲಿ, ಬೇಕಾದಷ್ಟನ್ನು ಹೀರಿಕೊಳ್ಳುತ್ತ ಏರಿ.

ಇನ್‌ಫ್ಲೇಟರ್ ಸಿಕ್ಕಿಹಾಕಿಕೊಂಡು ಬಿಸಿಡಿ ತಾನೇ ಉಬ್ಬತೊಡಗಿದರೆ ಮೊದಲು ಹೋಸ್ ಕಳಚಿ, ಜೊತೆಗೇ ಗಾಳಿ ಬಿಡಿ. ಬಕೆಟ್ಟಿನ ಅಭ್ಯಾಸ ಬೇಕಾದದ್ದು ಇಲ್ಲಿ. ಏನೇ ಆದರೂ ಏರುವಾಗ ಉಸಿರು ಹಿಡಿಯಬಾರದು.

ಹಂತ 10: ಮೇಲೆ ಬಂದ ಮೇಲೆ

ಒದ್ದೆ ಸೂಟ್ ಬೇಗ ಬಿಚ್ಚಿ, ಒಣ ಬಟ್ಟೆ, ಟೋಪಿ ಹಾಕಿ, ಬೆಚ್ಚನೆಯ ಚಹಾ ಕುಡಿಯಿರಿ. ಸುಡುಸುಡು ನೀರಿನ ಸ್ನಾನ, ಸಿಲಿಂಡರ್ ಹೊತ್ತು ಏರು ಹತ್ತುವುದು, ಚಳಿ ಬಿಡಿಸಲು ಓಡುವುದು ತಕ್ಷಣಕ್ಕೆ ಬೇಡ. ತಣ್ಣಗಾದ ಮೈಯಿಂದ ನೈಟ್ರೋಜನ್ ನಿಧಾನವಾಗಿ ಹೊರಹೋಗುತ್ತಿರುತ್ತದೆ. ಇನ್ನೂ ನಡುಗುತ್ತಿದ್ದರೆ ಎರಡನೇ ಡೈವ್ ಇಲ್ಲ.

ಕಾರಿನ ದಾರಿ ನೋಡಿಕೊಳ್ಳಿ. ವಾಲ್ಶೆನ್‌ಸೇಯಿಂದ ಮ್ಯೂನಿಕ್ ಕಡೆ ಹೊರಟರೆ 858 ಮೀಟರಿನ ಕೆಸೆಲ್‌ಬರ್ಗ್ ದಾಟಿ ಇಳಿಜಾರು. ಇಟಲಿ ಕಡೆ ಬ್ರೆನ್ನರ್ ದಾಟುವುದಾದರೆ 1,370 ಮೀಟರ್ ಏರಬೇಕು, ಅವತ್ತು ಬೇಡ. ವಿಮಾನಕ್ಕೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ದರೆ 18 ಗಂಟೆ ಕಾಯಿರಿ. ಊರಿನವರಿಗೆ ಇದೇ ನೆಪದಲ್ಲಿ ಒಂದು ಮಾತು: ಮುರ್ಡೇಶ್ವರದಲ್ಲಿ ಮಧ್ಯಾಹ್ನ ಕೊನೆಯ ಡೈವ್ ಮುಗಿಸಿ ಸಂಜೆಯೇ ಘಟ್ಟ ಹತ್ತಿ ಕೊಪ್ಪಳ, ಬಳ್ಳಾರಿಗೆ ಹೊರಡುವುದೂ ಎತ್ತರಕ್ಕೆ ಏರುವುದೇ. ಆ ರಾತ್ರಿ ಅಲ್ಲೇ ಮಲಗಿ ಬೆಳಿಗ್ಗೆ ಬನ್ನಿ.

ಮುಂದಿನ 24 ಗಂಟೆಯಲ್ಲಿ ಕೀಲುನೋವು, ಜುಮ್ಮೆನ್ನುವಿಕೆ, ಚರ್ಮದ ಮೇಲೆ ಕೆಂಪು-ನೀಲಿ ಕಲೆ, ತಲೆಸುತ್ತು, ಕಾಲಿನಲ್ಲಿ ಶಕ್ತಿ ಇಲ್ಲದಿರುವುದು ಕಂಡರೆ ‘ಚಳಿಗೆ ಮೈ ಹಿಡಿದಿದೆ’ ಎಂದು ಮಲಗಬೇಡಿ. ಲಕ್ಷಣ ಕಂಡವರನ್ನು ಅಂಗಾತ ಮಲಗಿಸಿ ಶುದ್ಧ ಆಮ್ಲಜನಕ ಕೊಡಿ, 112ಕ್ಕೆ ಫೋನ್ ಮಾಡಿ (ಅಲ್ಲೂ ಇಲ್ಲೂ ಅದೇ ನಂಬರ್), ಡೈವಿಂಗ್ ಅಪಘಾತ ಎಂಬುದನ್ನು ಮೊದಲು ಹೇಳಿ. ಎಷ್ಟು ಆಳ, ಎಷ್ಟು ನಿಮಿಷ, ಎಷ್ಟು ಗಂಟೆಗೆ ಮೇಲೆ ಬಂದದ್ದು, ಇವಿಷ್ಟು ಕೈಯಲ್ಲಿರಲಿ. ಡೈವ್ ಕಂಪ್ಯೂಟರನ್ನು ರೋಗಿಯ ಜೊತೆಗೇ ಕಳಿಸಿ. ಜೊತೆಗಾರನನ್ನೂ ಪರೀಕ್ಷೆ ಮಾಡಿಸಿ, ಅವನೂ ಅದೇ ಆಳಕ್ಕೆ ಹೋಗಿದ್ದಾನೆ.

ಲಾಗ್‌ಬುಕ್ಕಿನಲ್ಲಿ ನೀರಿನ ಉಷ್ಣತೆ, ಸೂಟ್, ಸಿಲಿಂಡರ್, ಕಟ್ಟಿದ ಸೀಸ, ಉಳಿದ ಒತ್ತಡ ಬರೆದಿಡಿ. ರೆಗ್ಯುಲೇಟರನ್ನು ಸಿಹಿನೀರಿನಲ್ಲಿ ತೊಳೆಯುವಾಗ ಫಸ್ಟ್ ಸ್ಟೇಜಿನ ಧೂಳುಮುಚ್ಚಳ ಒಣಗಿಸಿ ಹಾಕಿರಬೇಕು. ಒಂದು ಹನಿ ನೀರು ಒಳಗೆ ಉಳಿದರೂ ಮುಂದಿನ ಡೈವಿನಲ್ಲಿ ಮೊದಲು ಗಡ್ಡೆಯಾಗುವುದು ಅದೇ.